ಪಟ್ಟಮಹಾದೇವಿ ಶಾಂತಲೆ

ಅರಸೀಕೆರೆಯೆಂಬ ಊರಿನ ಹೆಸರನ್ನು ಬಿಡಿಸಿ ನೋಡಿದರೆ ಅದರಲ್ಲಿ ಒಬ್ಬ ಅರಸಿಯೂ ಆಕೆಯ ಕೆರೆಯೂ ಕಾಣುತ್ತವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಕಡೆಯಿಂದ ಬರುವ ರೈಲುದಾರಿಗಳು ಕೂಡುವ ಆ ನಿಲ್ದಾಣದಲ್ಲಿ ದಿನವೂ ಅಸಂಖ್ಯ ಜನರು ಇಳಿಯುತ್ತಾರೆ, ಹತ್ತುತ್ತಾರೆ. ಊರಿನ ಹೆಸರನ್ನು ಉಚ್ಚರಿಸುವಾಗಲೆಲ್ಲ ತಮಗರಿಯದಂತೆಯೇ ಒಬ್ಬ ಹೆಣ್ಣುಮಗಳ ಉಪಕಾರವನ್ನು ಸ್ಮರಿಸುತ್ತಾರೆ. ಕೆರೆ ಉಳಿಯಿತು, ಅರಸಿಯೆಂಬ ಪದವಿಯೂ ಉಳಿಯಿತು. ಆಕೆಯ ಸ್ವಂತ ನಾಮಧೇಯ ಮಾತ್ರ ಊರಿನ ಹೆಸರಿನೊಳಗೆ ಸೇರಲಿಲ್ಲ. ನಮ್ಮ ನಾಡಿನ ಸ್ತ್ರೀಯರ ಚರಿತ್ರೆಯು ಬಹುಮಟ್ಟಿಗೆ ಈ ಬಗೆಯದು. ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ, ಮಾಡಿದ ಕೈ ಯಾರದೆಂಬುದು ಮರೆಯಾಗಿರುತ್ತದೆ.

ಅದೇ ಊರಿನಿಂದ ಪಶ್ಚಿಮಕ್ಕೆ ಹೊರಟು ಹಳೇಬೀಡನ್ನು ಹಾಯ್ದು ಬೇಲೂರನ್ನು ಸೇರುವವರಿಗೆ ಇದಕ್ಕೆ ವಿಪರೀತವಾದ ಇನ್ನೊಂದು ಸಂಗತಿ ಎದುರಾಗುತ್ತದೆ. ಅಲ್ಲಿ ಒಬ್ಬ ಅರಸಿಯ ಹೆಸರು ಎಲ್ಲರ ನಾಲಗೆಯ ಮೇಲಿದೆ. ಈ ಶಿಲ್ಪ ಆಕೆಯದೇ ರೂಪ, ಈ ಹಾಸುಗಲ್ಲಿನ ಮೇಲೆ ಆಕೆ ನರ್ತಿಸಿದಳು, ಈ ಲಿಂಗಕ್ಕೆ ಆಕೆಯದೇ ಹೆಸರು ಎಂದು ಹೇಳುವವರು ಹೆಜ್ಜೆಹೆಜ್ಜೆಗೂ ದೊರೆಯುತ್ತಾರೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಯೇ ಆ ಅರಸಿ. ಹೆಸರು ಉಳಿಯದವಳನ್ನು ಮರೆವು ಕವಿಯಿತು. ಹೆಸರು ಉಳಿದವಳನ್ನು ಕಥೆಗಳು ಕವಿದವು. ಆಕೆಯ ಬಾಳಿನಲ್ಲಿ ಕಲ್ಲು ಹೇಳುವುದೆಷ್ಟು, ಬಾಯಿಮಾತು ಕೂಡಿಸಿದುದೆಷ್ಟು ಎಂಬುದನ್ನು ಬೇರೆಬೇರೆಯಾಗಿ ಇಟ್ಟು ನೋಡುವುದು ಅವಶ್ಯಕ. ಏಕೆಂದರೆ ಬಾಯಿಮಾತು ಆಕೆಗೆ ಹಚ್ಚಿರುವ ಅಂತ್ಯವು ಸಾಮಾನ್ಯವಾದುದಲ್ಲ. ಮಕ್ಕಳಿಲ್ಲದ ಯಾವ ಗೃಹಿಣಿಯ ಕಿವಿಗೆ ಬಿದ್ದರೂ ಎದೆಯನ್ನು ಇರಿಯುವಂತಹುದು.

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ. ಪೆರ್ಗಡೆಯೆಂದರೆ ನಾವೀಗ ಹೆಗ್ಗಡೆಯೆನ್ನುವ ಪದವೇ. ರಾಜ್ಯಾಡಳಿತದಲ್ಲಿ ಹೊಣೆ ಹೊತ್ತ ಅಧಿಕಾರಿಯೆಂದು ಅರ್ಥ. ತಾಯಿ ಮಾಚಿಕಬ್ಬೆ, ಈಕೆ ದಂಡನಾಯಕ ಬಲದೇವ ಮತ್ತು ಬಾಚಿಕಬ್ಬೆಯರ ಮಗಳು. ತಂದೆ ಶಿವಭಕ್ತ, ತಾಯಿ ಜಿನಭಕ್ತೆ. ಶ್ರವಣಬೆಳಗೊಳದ ಶಾಸನಕಾರನು ಈ ಮಾತನ್ನು ಮುಚ್ಚಿಡಲಿಲ್ಲ. ಜೈನ ಬಸದಿಯ ನೆರೆಯಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆಯೇ ಮಾರಸಿಂಗಯ್ಯನ ಶಿವಭಕ್ತಿಯನ್ನು ಸಂಕೋಚವಿಲ್ಲದೆ ಬರೆದನು. ಹರಿಹರನ ರಗಳೆಗಳನ್ನು ಓದಿದ ಭಕ್ತರಿಗೆ ವೈಜಕವ್ವೆಯ ನೆನಪು ಇದ್ದೀತು. ಶಿವಭಕ್ತೆಯಾದ ಆ ಸಾಧ್ವಿಯು ಜೈನರ ಮನೆಯ ಸೊಸೆಯಾಗಿ ಹೋಗಿ ಪಟ್ಟ ಪಾಡು ಅದರ ಕಥಾವಸ್ತು. ಅಂತಹ ಮನೆಗಳೂ ಆ ಕಾಲದಲ್ಲಿ ಇದ್ದಿರಬೇಕು. ಆದರೆ ಒಂದೇ ಮಾಡಿನ ಕೆಳಗೆ ಗಂಡನು ಶಿವನನ್ನೂ ಹೆಂಡತಿಯು ಜಿನನನ್ನೂ ಪೂಜಿಸಿ, ಮಗಳನ್ನು ಅರಮನೆಗೆ ಕಳುಹಿಸಿದ ಮನೆಯೂ ಅದೇ ನಾಡಿನಲ್ಲಿ ಇದ್ದಿತೆಂಬುದಕ್ಕೆ ಕಲ್ಲಿನ ಸಾಕ್ಷ್ಯವಿದೆ. ಮಗಳು ತಾಯಿಯ ಮಾರ್ಗವನ್ನು ಹಿಡಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು. ತಂದೆಯ ದೈವವನ್ನು ಆಕೆ ಕೀಳುಗಂಡಳೆಂದು ಹೇಳುವ ಒಂದಕ್ಷರವೂ ಎಲ್ಲಿಯೂ ಇಲ್ಲ.

ಆಕೆ ಸೇರಿದ ಅರಮನೆಯು ಆಗ ತಾನೇ ಬೆಳೆಯುತ್ತಿದ್ದ ಅರಮನೆ. ಹೊಯ್ಸಳರು ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಾಂಡಲಿಕರಾಗಿದ್ದರು. ಎರೆಯಂಗ ಮತ್ತು ಏಚಲದೇವಿಯರಿಗೆ ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯರೆಂಬ ಮೂವರು ಮಕ್ಕಳು. ಹಿರಿಯನಾದ ಬಲ್ಲಾಳನು ಕೆಲವೇ ವರ್ಷ ಆಳಿ ತೀರಿಕೊಂಡ ಮೇಲೆ, ಸುಮಾರು 1108ರಲ್ಲಿ ನಡುವಣವನಾದ ಬಿಟ್ಟಿದೇವನು ಸಿಂಹಾಸನವನ್ನೇರಿದನು. ಇವನೇ ವಿಷ್ಣುವರ್ಧನ. 1116ರಲ್ಲಿ ಇವನು ಚೋಳರ ಕೈಯಿಂದ ತಲಕಾಡನ್ನು ಗೆದ್ದುಕೊಂಡು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿದನು. ಆ ವಿಜಯದ ಮಾರನೆಯ ವರ್ಷವೇ, ಎಂದರೆ 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣ ದೇವಾಲಯದ ಪ್ರತಿಷ್ಠೆಯಾಯಿತು. ಇಂದು ಚೆನ್ನಕೇಶವನ ಗುಡಿಯೆಂದು ಲೋಕವೆಲ್ಲ ಬಲ್ಲುದು ಅದನ್ನೇ.

ಆ ಮಹಾದೇವಾಲಯದ ಪ್ರಾಕಾರದೊಳಗೆ ತೆಂಕಣ ಭಾಗದಲ್ಲಿ ಇನ್ನೊಂದು ಗುಡಿಯಿದೆ. ದೊಡ್ಡ ಗುಡಿಯನ್ನು ನೋಡಿ ದಣಿದ ಯಾತ್ರಿಕರು ಅದರ ಕಡೆ ಹೆಚ್ಚಾಗಿ ಸುಳಿಯುವುದಿಲ್ಲ. ಅದು ಚೆನ್ನಿಗರಾಯನ ಗುಡಿ. ದೇವರ ಪೀಠದ ಮೇಲಣ ಬರವಣಿಗೆಯು ಆ ಮೂರ್ತಿಯನ್ನು ಮಾಡಿಸಿದವಳು ಪಟ್ಟಮಹಾದೇವಿ ಶಾಂತಲೆಯೆಂದು ಸಾರುತ್ತದೆ. ಗಂಡನು ನಾರಾಯಣನಿಗೆ ಆಲಯವನ್ನೆತ್ತಿಸುತ್ತಿರುವಾಗ ಜಿನಭಕ್ತೆಯಾದ ಹೆಂಡತಿಯು ಪಕ್ಕದಲ್ಲಿಯೇ ವಿಷ್ಣುವಿನ ಇನ್ನೊಂದು ಮೂರ್ತಿಯನ್ನು ನಿಲ್ಲಿಸಿದಳು. ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಅರಸಿಯು ಕಟ್ಟಿಸಿದ ಆ ಗುಡಿಯನ್ನು ಜನರು ಅರಸಿಯ ಹೆಸರಿನಿಂದ ಕರೆಯುವುದಿಲ್ಲ. ಕಪ್ಪೆ ಚೆನ್ನಿಗರಾಯನ ಗುಡಿ ಎನ್ನುತ್ತಾರೆ. ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆಯೆಂದು ಮಗ ಡಂಕಣನು ತೋರಿಸಿದನೆಂದೂ, ಕಲ್ಲಿನ ಹೊಕ್ಕುಳ ಭಾಗದಿಂದ ನೀರೂ ಕಪ್ಪೆಯೂ ಹೊರಬಿದ್ದುವೆಂದೂ ಹೇಳುವ ಕಥೆಯೇ ಆ ಹೆಸರಿಗೆ ಮೂಲ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಜಕಣಾಚಾರಿಯ ಹೆಸರು ಅಲ್ಲಿಲ್ಲ. ಆದರೂ ಮಕ್ಕಳ ಬಾಯಲ್ಲಿ ಉಳಿದುದು ಜಕಣಾಚಾರಿ ಮತ್ತು ಕಪ್ಪೆ. ಪೀಠದ ಮೇಲೆ ಸ್ಪಷ್ಟವಾಗಿ ಬರೆಸಿದ ಅರಸಿಯ ಹೆಸರನ್ನು ಒಂದು ಕಪ್ಪೆಯು ಹಿಂದಿಕ್ಕಿತು!

ಶಾಸನಗಳು ಶಾಂತಲೆಗೆ ಕೊಡುವ ಬಿರುದುಗಳು ಅನೇಕ. ಸೀತೆಗೆ, ರುಕ್ಮಿಣಿಗೆ ಹೋಲಿಸುವ ಮಾತುಗಳನ್ನು ಬದಿಗಿಡೋಣ. ಅವು ಎಲ್ಲ ರಾಣಿಯರ ಪ್ರಶಸ್ತಿಗಳಲ್ಲಿಯೂ ಬರುವಂತಹವು. ಅವುಗಳ ನಡುವೆ ಈಕೆಗೇ ಸಲ್ಲತಕ್ಕ ಕೆಲವು ಇವೆ. ಗೀತವಾದ್ಯನೃತ್ಯಸೂತ್ರಧಾರೆಯೆಂಬುದು ಅದರಲ್ಲಿ ಮೊದಲನೆಯದು. ಹಾಡಬಲ್ಲವಳು, ಕುಣಿಯಬಲ್ಲವಳು ಎಂದಿಷ್ಟೇ ಇದರ ಅರ್ಥವಲ್ಲ. ಸೂತ್ರಧಾರೆಯೆಂದರೆ ಸೂತ್ರವನ್ನು ಹಿಡಿದು ನಡೆಸುವವಳು. ಕಲೆಯ ಮೇಲೆ ಅಧಿಕಾರವುಳ್ಳವಳು. ಚತುಸ್ಸಮಯಸಮುದ್ಧರಣೆಯೆಂಬುದು ಇನ್ನೊಂದು. ನಾಡಿನಲ್ಲಿದ್ದ ನಾಲ್ಕು ಸಮಯಗಳನ್ನೂ, ಎಂದರೆ ನಾಲ್ಕು ಧರ್ಮಮಾರ್ಗಗಳನ್ನೂ ಎತ್ತಿಹಿಡಿದವಳೆಂದು ಇದರ ತಾತ್ಪರ್ಯ. ಶೈವ ತಂದೆಯ, ಜೈನ ತಾಯಿಯ ಮಗಳಾಗಿ, ವಿಷ್ಣುವಿನ ಆಲಯವನ್ನು ಕಟ್ಟಿಸಿದ ಅರಸನ ಪತ್ನಿಯಾಗಿ ಬಾಳಿದವಳಿಗೆ ಇದು ಬರಿಯ ಅಲಂಕಾರದ ಮಾತಾಗಿರಲಾರದು. ಅದೇ ಉಸಿರಿನಲ್ಲಿ ಶಾಸನಕಾರನು ಆಕೆಯನ್ನು ಸಮ್ಯಕ್ತ್ವಚೂಡಾಮಣಿಯೆಂದೂ ಕರೆಯುತ್ತಾನೆ. ಜೈನಧರ್ಮದಲ್ಲಿ ದೃಢವಾದ ಶ್ರದ್ಧೆಯುಳ್ಳವರಿಗೆ ಸಲ್ಲುವ ಬಿರುದು ಅದು. ತನ್ನ ಮಾರ್ಗದಲ್ಲಿ ನಿಷ್ಠೆ, ಪರರ ಮಾರ್ಗದಲ್ಲಿ ಗೌರವ ಎರಡೂ ಒಬ್ಬ ವ್ಯಕ್ತಿಯಲ್ಲಿ ಕೂಡಿದ್ದುವು.

ಹಳೇಬೀಡಿನ ಸಂಗತಿಯನ್ನು ಇಲ್ಲಿಯೇ ಹೇಳಬಹುದು. ಆಗಿನ ದೋರಸಮುದ್ರವಾದ ಆ ರಾಜಧಾನಿಯಲ್ಲಿ ಕೇತಮಲ್ಲನೆಂಬ ಅಧಿಕಾರಿಯು ಹೊಯ್ಸಳೇಶ್ವರನ ಆಲಯವನ್ನು ಕಟ್ಟಿಸಿದನು. 1121ರಲ್ಲಿ ಅರಸನು ಅದಕ್ಕೆ ದತ್ತಿಗಳನ್ನು ಬಿಟ್ಟನು. ಅಲ್ಲಿ ಒಂದನ್ನೊಂದು ಜೋಡಿಸಿಕೊಂಡು ನಿಂತ ಎರಡು ಗರ್ಭಗೃಹಗಳಿವೆ, ಎರಡರಲ್ಲಿಯೂ ಲಿಂಗಗಳಿವೆ, ಎರಡರ ಎದುರಿಗೂ ಭಾರಿಯಾದ ನಂದಿಗಳಿವೆ. ಒಂದು ಲಿಂಗಕ್ಕೆ ಅರಸನ ಹೆಸರು, ಹೊಯ್ಸಳೇಶ್ವರ. ಇನ್ನೊಂದಕ್ಕೆ ಅರಸಿಯ ಹೆಸರು, ಶಾಂತಲೇಶ್ವರ. ಮಾರಸಿಂಗಯ್ಯನಂತಹ ಶಿವಭಕ್ತನ ಮಗಳ ಹೆಸರು ಒಂದು ಶಿವಲಿಂಗದೊಡನೆ ಕೂಡಿ ಉಳಿದಿರುವುದು ಭಕ್ತರ ಮನಸ್ಸಿಗೆ ಸಂತೋಷವನ್ನುಂಟುಮಾಡುತ್ತದೆ.

ಆದರೆ ಶಾಂತಲೆಯು ತನ್ನ ಮನಸ್ಸಿನಂತೆ ಮಾಡಿಸಿದ ಕಾರ್ಯಗಳಲ್ಲಿ ಶ್ರೇಷ್ಠವಾದುದು ಬೇರೊಂದು ಕಡೆ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 1123ರಲ್ಲಿ ಆಕೆ ಒಂದು ಬಸದಿಯನ್ನು ಕಟ್ಟಿಸಿ ಶಾಂತಿನಾಥ ತೀರ್ಥಂಕರನನ್ನು ಪ್ರತಿಷ್ಠಿಸಿದಳು. ಪೂಜೆಗೂ ಋಷಿಗಳ ಆಹಾರದಾನಕ್ಕೂ ಮೊಟ್ಟೆನವಿಲೆಯೆಂಬ ಊರನ್ನು ಅರಸನ ಒಪ್ಪಿಗೆಯನ್ನು ಪಡೆದು ಬಿಟ್ಟುಕೊಟ್ಟಳು; ಗುರುಗಳಾದ ಪ್ರಭಾಚಂದ್ರರಿಗೆ ಅದನ್ನು ಧಾರೆಯೆರೆದಳು. ದೇವರಿಗೆ ಆರಿಸಿದ ಹೆಸರು ಶಾಂತಿ. ಅದು ತನ್ನ ಹೆಸರಿನ ಬೇರೂ ಹೌದು. ಬಸದಿಗೆ ಬಿದ್ದ ಹೆಸರು ಮಾತ್ರ ಅಷ್ಟು ಶಾಂತವಾದುದಲ್ಲ. ಅದು ಸವತಿಗಂಧವಾರಣ ಬಸದಿ. ಗಂಧವಾರಣವೆಂದರೆ ಮದಿಸಿದ ಆನೆ. ಉದ್ವೃತ್ತರಾದ, ಎಂದರೆ ಮೇರೆ ಮೀರಿದ ಸವತಿಯರಿಗೆ ಮದಗಜದಂತಿದ್ದವಳೆಂಬ ಆಕೆಯ ಬಿರುದೇ ಆ ಬಸದಿಯ ಹೆಸರಾಯಿತು.

ಈ ಒಂದು ಬಿರುದಿನಿಂದ ಶಾಂತಲೆಯ ಸ್ವಭಾವವನ್ನೇ ಅಳೆಯಹೊರಟವರು ಉಂಟು. ಆಕೆ ಈರ್ಷ್ಯಾಳುವೆಂದರು ಕೆಲವರು. ಸವತಿಯರ ಕಾಟದಿಂದ ನೊಂದವಳೆಂದರು ಮತ್ತೆ ಕೆಲವರು. ವಿಷ್ಣುವರ್ಧನನಿಗೆ ಲಕ್ಷ್ಮೀದೇವಿ, ಬಮ್ಮಲದೇವಿ, ರಾಜಲದೇವಿ ಮೊದಲಾದ ರಾಣಿಯರಿದ್ದುದು ನಿಜ. ಆದರೆ ಪಟ್ಟದರಸಿಯು ಅಂತಃಪುರದ ಒಡತಿ. ಅಲ್ಲಿಯ ಶಿಸ್ತು ಆಕೆಯ ಕೈಯಲ್ಲಿ. ದಂಡನಾಯಕನನ್ನು ಶತ್ರುಗಳೆಂಬ ಆನೆಗಳಿಗೆ ಸಿಂಹವೆಂದು ಹೊಗಳುವಂತೆ ಪಟ್ಟದರಸಿಯನ್ನು ಸವತಿಯರಿಗೆ ಮದಗಜವೆಂದು ಹೊಗಳುವುದು ಆ ಕಾಲದ ಪ್ರಶಸ್ತಿಗಳ ವಾಡಿಕೆ. ಅಧಿಕಾರದ ಬಿರುದನ್ನು ಹೊಟ್ಟೆಕಿಚ್ಚಿನ ಬಿರುದಾಗಿ ಓದಿದವರು ನಂತರದವರು. ಗಂಡಸಿನ ಬಿರುದನ್ನು ಶೌರ್ಯವೆಂದೂ ಹೆಂಗಸಿನ ಬಿರುದನ್ನು ಕಲಹವೆಂದೂ ಓದುವುದು ಕಲ್ಲಿನ ತಪ್ಪಲ್ಲ.

ಆ ಚಿಕ್ಕಬೆಟ್ಟದ ಮೇಲೆ ಶಾಂತಲೆಯೊಬ್ಬಳೇ ಅಲ್ಲ, ಆ ತಲೆಮಾರಿನ ಹಲವು ಸ್ತ್ರೀಯರು ಕಾಣಸಿಗುತ್ತಾರೆ. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನು ತಾಯಿ ಪೋಚಿಕಬ್ಬೆಗಾಗಿ ಅಲ್ಲಿ ಒಂದು ಬಸದಿಯನ್ನು ಕಟ್ಟಿಸಿದನು. ಅವನ ಹೆಂಡತಿ ಲಕ್ಷ್ಮೀಮತಿ ತಾನೇ ಇನ್ನೊಂದು ಬಸದಿಯನ್ನು ಕಟ್ಟಿಸಿದಳು. 1121ರಲ್ಲಿ ಸನ್ಯಸನವನ್ನು ಕೈಗೊಂಡು ದೇಹವನ್ನು ಬಿಟ್ಟಳು. ಊಟ ನೀರುಗಳನ್ನು ಕ್ರಮವಾಗಿ ತ್ಯಜಿಸಿ, ಗುರುಗಳ ಸನ್ನಿಧಿಯಲ್ಲಿ, ಬಂಧುಗಳ ಸಮ್ಮತಿಯನ್ನು ಪಡೆದು ಪ್ರಾಣವನ್ನು ಬಿಡುವ ಈ ವ್ರತವನ್ನು ಜೈನರು ಸಲ್ಲೇಖನವೆನ್ನುತ್ತಾರೆ. ಶರಣಧರ್ಮದ ಮಾರ್ಗ ಇದಲ್ಲ. ಕಾಯಕದಲ್ಲಿ ಸವೆದು ಲಿಂಗದಲ್ಲಿ ಬೆರೆಯುವುದು ನಮ್ಮವರ ದಾರಿ. ಆದರೆ ಜೈನ ಶ್ರಾವಕಿಯೊಬ್ಬಳ ಬಾಳನ್ನು ತಿಳಿಯುವಾಗ ಆಕೆಯ ಧರ್ಮದ ಕಣ್ಣಿನಿಂದಲೇ ಅದನ್ನು ನೋಡಬೇಕಲ್ಲದೆ ಬೇರೆ ಗತಿಯಿಲ್ಲ. ಅವರ ದೃಷ್ಟಿಯಲ್ಲಿ ಅದು ಸೋಲಲ್ಲ. ಬಾಳಿನ ಕೊನೆಯ ವ್ರತ.

1131ನೆಯ ಇಸವಿಯ ಚೈತ್ರಮಾಸದಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ಕಾಲವಾದಳು. ಬಸವಣ್ಣನವರ ಜನನವನ್ನು ಹಲವು ವಿದ್ವಾಂಸರು ಅದೇ ವರ್ಷದಲ್ಲಿ ಎಣಿಸುತ್ತಾರೆಂಬುದನ್ನು ಪ್ರಸಂಗವಶಾತ್ ಇಲ್ಲಿ ನೆನೆಯಬಹುದು. ನೆಲಮಂಗಲದ ಸೀಮೆಯಲ್ಲಿರುವ ಶಿವಗಂಗೆಯು ಶಿವಭಕ್ತರಿಗೆ ಪರಿಚಿತವಾದ ಕ್ಷೇತ್ರ. ಗಂಗಾಧರೇಶ್ವರನ ಸನ್ನಿಧಿ, ಹೊನ್ನಾದೇವಿಯ ಗುಡಿ, ಒಳಕಲ್ಲು ತೀರ್ಥ, ಪಾತಾಳಗಂಗೆ, ಮೇಲಣಗವಿ ಮಠ ಇವೆಲ್ಲವನ್ನೂ ಒಳಗೊಂಡ ಆ ಬೆಟ್ಟವನ್ನು ಕಡಿದಾದ ಮೆಟ್ಟಿಲುಗಳಿಂದ ಏರಬೇಕು. ಜಿನಭಕ್ತೆಯಾದ ಅರಸಿಯು ತನ್ನ ಅಂತ್ಯಕಾಲಕ್ಕೆ ಈ ಶಿವಕ್ಷೇತ್ರದಲ್ಲಿದ್ದುದು ಕುತೂಹಲದ ವಿಷಯವೇ ಸರಿ. ತಂದೆಯ ದೈವ ಇಲ್ಲಿಯದು ಎಂಬುದು ಆ ಕುತೂಹಲಕ್ಕೆ ಹತ್ತಿರದ ಸಮಾಧಾನ.

ಶಾಸನವು ಆ ಸಾವನ್ನು ಹೇಳುವ ರೀತಿ ಅತ್ಯಂತ ಮಿತವಾದುದು. ವರ್ಷ, ಮಾಸ, ತಿಥಿ, ವಾರಗಳನ್ನು ಕೊಟ್ಟು, ಶಿವಗಂಗೆಯ ತೀರ್ಥದಲ್ಲಿ ದೇಹವನ್ನು ಮುಡಿಪಿಟ್ಟು ಸ್ವರ್ಗವನ್ನು ಸೇರಿದಳೆಂದಿಷ್ಟೇ ಅದು ಹೇಳುತ್ತದೆ. ಬಂಡೆಯ ಮಾತಿಲ್ಲ, ಧುಮುಕಿದ ಮಾತಿಲ್ಲ, ಕೊರಗಿನ ಮಾತಿಲ್ಲ. ಮುಡಿಪುವುದೆಂಬ ಆ ಮಾತು ಬೆಳಗೊಳದ ಕಲ್ಲುಗಳ ಮೇಲೆ ವ್ರತಸ್ಥರ ಮರಣವನ್ನು ಹೇಳುವಾಗ ಬರುವ ಮಾತು. ಆದುದರಿಂದಲೇ ವಿದ್ವಾಂಸರು ಇದನ್ನು ಸಲ್ಲೇಖನವೆಂದು ಗ್ರಹಿಸಿದ್ದಾರೆ.

ಮಗಳ ಸಾವನ್ನು ಸಂಕ್ಷೇಪವಾಗಿ ಹೇಳಿದ ಶಾಸನವು ತಾಯಿಯ ವಿಷಯ ಬಂದಾಗ ನಿಧಾನಿಸುತ್ತದೆ. ಮಗಳಿಲ್ಲವಾದ ಮೇಲೆ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದಳು. ಕಣ್ಣುಗಳನ್ನು ಅರ್ಧ ಮುಚ್ಚಿ, ಪಂಚಪದಗಳನ್ನು ಜಪಿಸುತ್ತ, ಬಂಧುಜನರಿಂದ ಬೀಳ್ಕೊಂಡು, ಒಂದು ತಿಂಗಳ ಕಾಲ ಉಪವಾಸವಿದ್ದು, ಪ್ರಭಾಚಂದ್ರರೇ ಮೊದಲಾದ ಗುರುಗಳ ಸಮ್ಮುಖದಲ್ಲಿ ಪ್ರಾಣವನ್ನು ಬಿಟ್ಟಳು. ಒಂದು ತಿಂಗಳು! ಹೆತ್ತ ತಾಯಿಯ ದುಃಖವನ್ನು ಶಾಸನಕಾರನು ಬಣ್ಣಿಸುವುದಿಲ್ಲ. ದಿನಗಳನ್ನು ಮಾತ್ರ ಎಣಿಸುತ್ತಾನೆ. ಅದನ್ನು ಓದಿದವರಿಗೆ ಬಣ್ಣನೆ ಬೇಕೆನಿಸುವುದಿಲ್ಲ. ಈ ಚರಮಶಾಸನವನ್ನು ಬರೆದ ಲೇಖಕನ ಹೆಸರು ಬೋಕಿಮಯ್ಯ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಎಂಟುನೂರಕ್ಕೂ ಮಿಕ್ಕ ವರ್ಷಗಳ ಮೇಲೆ ಇದು ಇನ್ನೊಮ್ಮೆ ಬರುತ್ತದೆ.

ಇಷ್ಟು ಕಲ್ಲಿನ ಮಾತಾಯಿತು. ಕಾಲ ಕಳೆದಂತೆ ಹೊಯ್ಸಳರ ರಾಜ್ಯ ಅಳಿಯಿತು, ಹಳೆಯ ಲಿಪಿಯನ್ನು ಓದಬಲ್ಲವರು ಇಲ್ಲವಾದರು, ಶಾಸನಗಳು ಮೂಕವಾದುವು. ಆ ಮೌನದಲ್ಲಿ ಕಥೆಗಳು ಹುಟ್ಟಿಕೊಂಡುವು. ಅರಸಿಗೆ ಮಕ್ಕಳಿರಲಿಲ್ಲವೆಂದೂ, ಅರಸನಿಗೆ ವಾರಸುದಾರನಿಲ್ಲದೆ ಆಕೆ ಕೊರಗಿದಳೆಂದೂ, ಆ ಕೊರಗಿನಲ್ಲಿಯೇ ಶಿವಗಂಗೆಯ ಶಿಖರವನ್ನೇರಿ ಕೆಳಗೆ ಧುಮುಕಿದಳೆಂದೂ ಒಂದು ಕಥೆ ಬೆಳೆಯಿತು. ಇಂದಿಗೂ ಬೆಟ್ಟವನ್ನೇರಿದವರಿಗೆ ಆ ಕಡಿದಾದ ಅಂಚನ್ನು ತೋರಿಸಿ ಆಕೆಯ ಹೆಸರನ್ನು ಹೇಳುತ್ತಾರೆ. ಕೇಳಿದ ಹೆಣ್ಣುಮಕ್ಕಳು ನಿಟ್ಟುಸಿರಿಟ್ಟು ಇಳಿಯುತ್ತಾರೆ. ಸಂಗೀತ ನೃತ್ಯಗಳ ಒಡತಿ, ಆಲಯಗಳನ್ನು ಕಟ್ಟಿಸಿದವಳು, ನಾಲ್ಕು ಸಮಯಗಳಿಗೆ ಆಸರೆಯಾದವಳು; ಇಷ್ಟೆಲ್ಲ ಇದ್ದರೂ ಮಡಿಲು ತುಂಬದಿದ್ದರೆ ಹೆಣ್ಣಿಗೆ ಬಂಡೆಯ ಅಂಚೇ ಗತಿಯೆಂದು ಆ ಕಥೆಯು ಬಾಯಿಬಿಟ್ಟು ಹೇಳದೆಯೇ ಹೇಳಿಬಿಡುತ್ತದೆ. ಮನೆಮನೆಗಳಲ್ಲಿ ಬಂಜೆಯೆಂಬ ಮಾತನ್ನು ಕೇಳಿ ಬೆಂದವರಿಗೆ ಇದರ ಭಾರ ಗೊತ್ತು.

ಈ ಕಥೆಯ ಬುಡವನ್ನು ಶಾಸನಗಳೇ ಅಲುಗಿಸುತ್ತವೆ. ಮೂಡಿಗೆರೆಯ ಸೀಮೆಯ ಹಂತೂರಿನಲ್ಲಿ 1130ರ ಒಂದು ಶಾಸನವಿದೆ. ಶಾಂತಲೆಯು ಕಾಲವಾಗುವುದಕ್ಕೆ ಒಂದು ವರ್ಷ ಮೊದಲು ಹುಟ್ಟಿದ ಬರವಣಿಗೆ ಅದು. ವಿಷ್ಣುವರ್ಧನನ ಮಗ ಕುಮಾರ ಬಲ್ಲಾಳದೇವನನ್ನೂ, ಆತನ ಸೋದರಿ ಹರಿಯಬ್ಬರಸಿಯನ್ನೂ ಅದು ಹೆಸರಿಸುತ್ತದೆ. ಹರಿಯಬ್ಬರಸಿಯು ಅಲ್ಲಿ ಚೈತ್ಯಾಲಯವನ್ನು ಮಾಡಿಸಿದಳೆಂದು ತಿಳಿಸುತ್ತದೆ. ದೇವಾಲಯವನ್ನು ಮಾಡಿಸುವಷ್ಟು ಬೆಳೆದ ಮಗಳೂ, ಕುಮಾರನೆಂದು ಕರೆಸಿಕೊಳ್ಳುವ ಮಗನೂ ಇದ್ದ ಅರಸನಿಗೆ ಸಂತಾನವಿಲ್ಲವೆಂಬ ಕೊರಗು ಎಲ್ಲಿಂದ ಬಂದಿತು? ಮುಂದೆ ಸಿಂಹಾಸನವನ್ನೇರಿದ ನರಸಿಂಹನು ಲಕ್ಷ್ಮೀದೇವಿಯ ಮಗ. ಅವನು ಹುಟ್ಟಿದುದು 1133ರ ಹೊತ್ತಿಗೆ. ಶಾಂತಲೆಯು ತೀರಿಕೊಂಡ ಮೇಲೆ. ಸವತಿಯು ಮಗನನ್ನು ಹೆತ್ತಳೆಂಬ ಸಂಕಟ ಆಕೆಯ ಸಾವಿಗೆ ಕಾರಣವಾಗಲು ಕಾಲವೇ ಒಪ್ಪುವುದಿಲ್ಲ.

ನರಸಿಂಹನ ಜನನದ ವೃತ್ತಾಂತದಲ್ಲಿಯೇ ಇನ್ನೊಂದು ಕಥೆಯೂ ಮುರಿದು ಬೀಳುತ್ತದೆ. ರಾಮಾನುಜಾಚಾರ್ಯರ ಪ್ರಭಾವದಿಂದ ಅರಸನು ಜಿನಧರ್ಮವನ್ನು ತೊರೆದು ಅದಕ್ಕೆ ಹಗೆಯಾದನೆಂದೂ, ಅರಸಿಯು ಮಾತ್ರ ಜೈನಳಾಗಿಯೇ ಉಳಿದು ಒಬ್ಬಂಟಿಯಾದಳೆಂದೂ ಹೇಳುವುದುಂಟು. 1133ರಲ್ಲಿ ಗಂಗರಾಜನ ಮಗ ಬೊಪ್ಪನು ದೋರಸಮುದ್ರದಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿ, ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಕಳುಹಿಸಿದನು. ಆಗ ತಾನೇ ಯುದ್ಧದಲ್ಲಿ ಜಯವಾಗಿತ್ತು, ಮಗನು ಹುಟ್ಟಿದ ಸುದ್ದಿಯೂ ಬಂದಿತ್ತು. ವಿಷ್ಣುವರ್ಧನನು ಎದ್ದು ಕೈಮುಗಿದು ಶೇಷೆಯನ್ನು ಸ್ವೀಕರಿಸಿ, ಆ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು ಬಸದಿಗೆ ಊರನ್ನು ದತ್ತಿಯಾಗಿ ಕೊಟ್ಟನು. ಹಗೆಯಾದವನು ನಡೆದುಕೊಳ್ಳುವ ರೀತಿ ಇದಲ್ಲ.

ಮೂಕವಾಗಿದ್ದ ಕಲ್ಲುಗಳಿಗೆ ಮತ್ತೆ ಬಾಯಿ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿದ ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಅಚ್ಚು ಮಾಡಿಸಿದರು. ಆಮೇಲೆ ಆರ್. ನರಸಿಂಹಾಚಾರ್ಯರು ಆ ಬೆಟ್ಟಗಳನ್ನು ಮತ್ತೆ ಹುಡುಕಿ, 500 ಶಾಸನಗಳನ್ನೊಳಗೊಂಡ ಪರಿಷ್ಕೃತ ಸಂಪುಟವನ್ನು 1923ರಲ್ಲಿ ಹೊರತಂದರು. ಶಾಂತಲೆ, ಮಾಚಿಕಬ್ಬೆ, ಲಕ್ಷ್ಮೀಮತಿ, ಪೋಚಿಕಬ್ಬೆಯರೆಲ್ಲ ಓದುಬರಹ ಬಲ್ಲ ಕನ್ನಡಿಗರ ಕೈಗೆ ಬಂದರು. ಅದೇ 1923ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವೂ ಪ್ರಕಟವಾಯಿತು. ಒಂದು ಕಡೆ ಬೆಟ್ಟದ ಬಂಡೆಗಳಿಂದ, ಇನ್ನೊಂದು ಕಡೆ ಮಠಗಳ ಮತ್ತು ಮನೆಗಳ ಜಗುಲಿಯ ಮೇಲಣ ತಾಳೆಯೋಲೆಗಳಿಂದ, ಹನ್ನೆರಡನೆಯ ಶತಮಾನವು ಒಂದೇ ವರ್ಷದಲ್ಲಿ ಎದ್ದು ಬಂದಂತಾಯಿತು. ಎರಡಕ್ಕೂ ಒಂದು ಭೇದವಿದೆ. ಶರಣೆಯರು ತಮ್ಮ ಅನುಭವವನ್ನು ತಮ್ಮ ನುಡಿಯಲ್ಲಿಯೇ ಬಿಟ್ಟುಹೋದರು; ಕಸಗುಡಿಸುವವಳೂ ಅಕ್ಕಿಯಾಯುವವಳೂ ನೂಲುವವಳೂ ಅಲ್ಲಿ ಸ್ವತಃ ಮಾತನಾಡುತ್ತಾರೆ. ಶಾಂತಲೆಯ ಸ್ವಂತ ಮಾತು ಒಂದೂ ಉಳಿದಿಲ್ಲ. ಆಕೆಯನ್ನು ಕುರಿತು ಇತರರು ಬರೆದುದು ಮಾತ್ರ ಉಂಟು. ಆದಕಾರಣವೇ ಯಾರು ಬೇಕಾದರೂ ಆಕೆಯ ಬಾಯಿಗೆ ಮಾತನ್ನು ತುಂಬಲು ಸಾಧ್ಯವಾಯಿತು.

ಮಾತನ್ನು ತುಂಬುವ ಕೆಲಸವು ಕಾದಂಬರಿಕಾರನದು. ಅದು ಅವನ ಧರ್ಮವೂ ಹೌದು. ಬೆಂಗಳೂರಿನಲ್ಲಿ ವ್ಯಾಯಾಮಗುರುಗಳೆಂದು ಪ್ರಖ್ಯಾತರಾಗಿದ್ದ ಕೆ. ವಿ. ಅಯ್ಯರ್ ಅವರು ಶಾಂತಲಾ ಎಂಬ ಕಾದಂಬರಿಯನ್ನು ಬರೆದು ಆಕೆಯನ್ನು ಕನ್ನಡದ ಮನೆಮನೆಗೂ ಕರೆತಂದರು. ಅದನ್ನೋದಿ ಕಣ್ಣೀರಿಟ್ಟವರು ಅಸಂಖ್ಯಾತರು. ಬೇಲೂರಿನ ದರ್ಪಣಸುಂದರಿಯ ಮುಂದೆ ನಿಂತು ಇವಳೇ ಶಾಂತಲೆಯೆಂದು ಕೈತೋರಿಸುವ ಭಾವನೆಯು ಬಲಗೊಂಡುದು ಇಂತಹ ಓದಿನಿಂದಲೇ. ನಲವತ್ತೆರಡು ಮದನಿಕೆಯರಲ್ಲಿ ಹಲವರ ಕೆಳಗೆ ಶಿಲ್ಪಿಗಳ ಹೆಸರುಗಳಿವೆ. ಯಾರ ಕೆಳಗೂ ಅರಸಿಯ ಹೆಸರಿಲ್ಲ. ಕನ್ನಡಿ ಹಿಡಿದು ಹಣೆಯನ್ನು ತಿದ್ದಿಕೊಳ್ಳುವ ಚೆಲುವೆಯಲ್ಲಿ ಆಕೆಯನ್ನು ಕಾಣುವವರು, ಐವತ್ತು ಹೆಜ್ಜೆ ನಡೆದು ಆಕೆಯದೇ ಹೆಸರಿರುವ ಪೀಠವನ್ನು ನೋಡುವುದಿಲ್ಲ.

ಸಿ. ಕೆ. ನಾಗರಾಜರಾಯರು ಬೇರೆಯ ದಾರಿಯನ್ನು ಹಿಡಿದರು. ಅವರು ಮೊದಲು ಶಾಸನಗಳನ್ನು ಓದಿದರು. ಎಷ್ಟೋ ವರ್ಷ ಓದಿದರು. ಧುಮುಕಿ ಸತ್ತ ಬಂಜೆಯ ಕಥೆಗೆ ಆಧಾರವಿಲ್ಲವೆಂದು ಮನಗಂಡ ಮೇಲೆಯೇ ಲೇಖನಿಯನ್ನು ಕೈಗೆತ್ತಿಕೊಂಡರು. ಅವರ ಪಟ್ಟಮಹಾದೇವಿ ಶಾಂತಲದೇವಿ ಎಂಬ ಬೃಹತ್ ಕಾದಂಬರಿಯು 1978ರಲ್ಲಿ ಪ್ರಕಟವಾಯಿತು. 1983ರಲ್ಲಿ ಅದಕ್ಕೆ ಭಾರತೀಯ ಜ್ಞಾನಪೀಠದವರ ಮೂರ್ತಿದೇವಿ ಪ್ರಶಸ್ತಿಯು, ಆ ಪ್ರಶಸ್ತಿಯ ಮೊದಲ ವರ್ಷದಲ್ಲಿಯೇ, ದೊರೆಯಿತು. ಅವರ ಶಾಂತಲೆಯು ಬಳ್ಳಿಗಾವೆಯಲ್ಲಿ ಬೆಳೆದ ಚುರುಕುಬುದ್ಧಿಯ ಬಾಲಿಕೆ. ಕಲಿಯುತ್ತಾಳೆ, ಪ್ರಶ್ನಿಸುತ್ತಾಳೆ, ರಾಜ್ಯದ ವಿಷಯದಲ್ಲಿ ಆಲೋಚನೆ ಹೇಳುತ್ತಾಳೆ, ಮಕ್ಕಳ ತಾಯಿಯಾಗುತ್ತಾಳೆ. ಆ ಬಾಲಿಕೆಗೆ ಅಕ್ಷರ ಕಲಿಸುವ ಗುರುವಿನ ಹೆಸರು ಬೋಕಿಮಯ್ಯ! ಚರಮಶಾಸನದ ಅಡಿಯಲ್ಲಿ ಲೇಖಕನೆಂದು ನಿಂತಿರುವ ಹೆಸರನ್ನು ಎತ್ತಿಕೊಂಡು, ಆಕೆಯ ಸಾವನ್ನು ಬರೆದವನೇ ಆಕೆಯ ಕೈಹಿಡಿದು ಮೊದಲ ಅಕ್ಷರವನ್ನು ತಿದ್ದಿಸಿದವನೆಂದು ಕಾದಂಬರಿಕಾರರು ಕಲ್ಪಿಸಿದರು. ಶಿಷ್ಯೆಯ ಚರಮಗೀತವನ್ನು ಗುರುವೇ ಬರೆಯಬೇಕಾಗಿ ಬಂದ ದುಃಖ ಆ ಒಂದು ಕಲ್ಪನೆಯಲ್ಲಿ ಅಡಗಿದೆ. ಬಳ್ಳಿಗಾವೆಯ ಬಾಲ್ಯವೂ ಈ ಗುರುಶಿಷ್ಯ ಸಂಬಂಧವೂ ಶಾಸನದಲ್ಲಿಲ್ಲ. ಆದರೆ ಶಾಸನವು ಬರೆದಿರುವ ಯಾವುದನ್ನೂ ಇವು ಅಳಿಸುವುದಿಲ್ಲ. ಧುಮುಕಿದ ಕಥೆಯಾದರೋ ಬರೆದುದನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ಕಲ್ಪನೆ ಎರಡೂ ಹೌದು. ಎರಡೂ ಒಂದೇ ಅಲ್ಲ.

ನಾಗರಾಜರಾಯರಲ್ಲಿಯೂ ಒಂದು ಕೊರತೆಯನ್ನು ಓದುಗರು ಎತ್ತಿ ಆಡಬಹುದು. ಅವರ ಅರಸಿಯು ಕೆಲವೆಡೆ ತೀರ ನಿರ್ದೋಷಿಯಾಗಿ, ಮಾತುಮಾತಿಗೂ ಉಪದೇಶ ಮಾಡುವವಳಾಗಿ ತೋರುತ್ತಾಳೆ. ಅನ್ಯಾಯವಾಗಿ ಬಹುಕಾಲ ನಿಂದೆಗೋ ಕನಿಕರಕ್ಕೋ ಗುರಿಯಾದವಳನ್ನು ಎತ್ತಿ ನಿಲ್ಲಿಸಹೊರಟವರು ಸ್ವಲ್ಪ ಹೆಚ್ಚು ಎತ್ತರದಲ್ಲಿಯೇ ನಿಲ್ಲಿಸಿದರೆ ಅದು ಕ್ಷಮ್ಯ.

2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಚಿಕ್ಕಬೆಟ್ಟದ ಶಾಂತಿನಾಥನ ಬಸದಿಯ ಬಳಿ ಅಂತಹ ನೂಕುನುಗ್ಗಲಿಲ್ಲ. ಗೊಮ್ಮಟನ ದರ್ಶನಕ್ಕಾಗಿ ದೊಡ್ಡಬೆಟ್ಟವನ್ನೇರಿದವರು ದಣಿದು ಅಲ್ಲಿಂದಲೇ ಹಿಂದಿರುಗುವುದು ಹೆಚ್ಚು. ಶಿವಗಂಗೆಯ ಅಂಚಿನ ಮೇಲೆ ನಿಂತು ಕಥೆಯನ್ನು ಕೇಳುವವರಿಗೆ ಆಕೆಯ ಮರಣವನ್ನು ಬರೆದ ಕಲ್ಲು ಅಲ್ಲಿ ಕಾಣುವುದಿಲ್ಲ. ಅದು ಅಲ್ಲಿಂದ ಪಶ್ಚಿಮಕ್ಕೆ ದೂರದಲ್ಲಿರುವ ಈ ಚಿಕ್ಕಬೆಟ್ಟದಲ್ಲಿ, ಆಕೆಯೇ ಕಟ್ಟಿಸಿದ ಬಸದಿಯ ನೆರೆಯಲ್ಲಿದೆ. ಅದರ ಮೇಲೆ ಮಗಳ ಹೆಸರು, ತಿಥಿ, ವಾರ. ಅದರ ಕೆಳಗೆ ತಾಯಿಯ ಒಂದು ತಿಂಗಳ ಉಪವಾಸ. ತಂದೆ ಮಾರಸಿಂಗಯ್ಯನು ಶಿವಭಕ್ತನೆಂಬ ಮಾತು.